ಗುಂಗುರು ಕೂದಲು, ಇಸ್ತ್ರಿ ಪೆಟ್ಟಿಗೆ ಮತ್ತು ಫಾರ್ಮಾಲಿನ್

ಮೊನ್ನೆ ರಾತ್ರಿ ಕುಮಟಾದಿಂದ ಅಣ್ಣನ ಮಗಳ ಫೋನು. "ಅತ್ತೆ, ಮದುವೆಗೆ ಕೂದ್ಲು ಸ್ಟ್ರೇಟ್ ಮಾಡ್ಸ್ಬೇಕು ಅಂತ ಮಾಡಿದೆ. ಪಾರ್ಲರಿನವ್ರು ಸ್ಮೂದ್ನಿಂಗ್, ಕೆರಾಟಿನ್, ಬೊಟಾಕ್ಸ್ ಅಂತ ಎಂತೆಂತದೋ ಹೇಳ್ತ್ರು. ಯಾವ್ದು ಒಳ್ಳೇದು?"

ನನ್ನನ್ನು ಕೇಳುವುದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರದ್ದೂ ಗುಂಗುರು ಕೂದಲು. ಅದನ್ನು ನೆಟ್ಟಗೆ ಮಾಡಲು ಹೋಗಿ ಮೊದಲು ಕೈ ಸುಟ್ಟುಕೊಂಡವಳು ನಾನೇ. ಕೈ ಅಂದರೆ ನಿಜವಾಗಿಯೂ ಕೈ!

ನಾನು ಕುಮಟಾದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದಿದವಳು. ನನ್ನ ಕೋಣೆಯಲ್ಲಿ ಯಲ್ಲಾಪುರ ಕಡೆಯ ಒಬ್ಬಳು ಸಿದ್ದಿ ಹುಡುಗಿ ಇದ್ದಳು. ನನ್ನದು ಗುಂಗುರು ಅಂದರೆ ಅವಳದ್ದು ಇನ್ನೂ ಬಿಗಿ, ಸಣ್ಣ ಸಣ್ಣ ಸುರುಳಿ. ದಿನಾ ಬೆಳಿಗ್ಗೆ ಅಂಗೈ ತುಂಬ ತೆಂಗಿನೆಣ್ಣೆ ಸುರಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಎಳೆದು ಬಾಚುತ್ತಿದ್ದಳು. ಕ್ಲಾಸಿನಲ್ಲಿ ಅವಳಿಗೆ ಒಂದು ಅಡ್ಡಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನೂ ಹಾಗೆ ಕರೆದಿದ್ದೇನೆ, ನನ್ನ ಕೂದಲೇ ಹಾಗಿದ್ದರೂ.

ಜೂನ್ ತಿಂಗಳ ಒಂದು ಭಾನುವಾರ ಯಾರೋ ಹೇಳಿದರು, ಇಸ್ತ್ರಿ ಪೆಟ್ಟಿಗೆಯಲ್ಲಿ ಕೂದಲು ನೆಟ್ಟಗಾಗುತ್ತದೆ ಅಂತ. ಮೇಜಿನ ಮೇಲೆ ಹಾಸಿದ ಟವೆಲ್ಲಿನಲ್ಲಿ ಅವಳು ತಲೆ ಇಟ್ಟಳು. ಕೂದಲ ಮೇಲೆ ಪೇಪರ್ ಹಾಕಿ ನಾನು ಇಸ್ತ್ರಿ ಎಳೆದೆ. ಸುಟ್ಟ ಕೋಳಿ ಪುಕ್ಕದ ವಾಸನೆ. ನನ್ನ ಎರಡು ಬೆರಳಿಗೆ ಬೊಬ್ಬೆ. ಆದರೂ ನೆಟ್ಟಗಾಯಿತು! ಕನ್ನಡಿ ಮುಂದೆ ಅವಳು ಎಷ್ಟು ಹೊತ್ತು ನಿಂತಿದ್ದಳೋ. ಸಂಜೆ ಪೇಟೆಗೆ ಹೋದೆವು, ಮಳೆ ಬಂತು. ವಾಪಸ್ ಬರುವಷ್ಟರಲ್ಲಿ ಸುರುಳಿಯೆಲ್ಲ ಮೊದಲಿನ ಹಾಗೆ. ಅವಳು ನಗಲಿಲ್ಲ, ನಾವು ನಕ್ಕೆವು.

ಹಾಗೆ ಯಾಕಾಯಿತು ಅನ್ನುವುದು ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಕಟ್ಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಹೈಡ್ರೋಜನ್ ಕಟ್ಟು ಸಡಿಲ. ನೀರು ತಾಗಿದರೆ ಬಿಚ್ಚುತ್ತದೆ, ಒಣಗಿದಾಗ ಇದ್ದ ಆಕಾರದಲ್ಲೇ ಮತ್ತೆ ಕೂರುತ್ತದೆ. ಗಂಧಕದ ಕಟ್ಟು ಗಟ್ಟಿ. ಕೂದಲಿನ ಕಾಯಂ ಆಕಾರ ಅದರ ಕೈಯಲ್ಲಿ. ಇಸ್ತ್ರಿ ಬಿಸಿ ಮುಟ್ಟುವುದು ಮೊದಲನೆಯದನ್ನು ಮಾತ್ರ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಹೊನ್ನಾವರ, ಭಟ್ಕಳ, ಕುಮಟಾದಲ್ಲಿ ಅದು ಎಷ್ಟು ಹೊತ್ತು ನಿಂತೀತು? ಮಳೆಗಾಲದಲ್ಲಿ ನಮ್ಮಲ್ಲಿ ಹಪ್ಪಳವೇ ಗರಿಗರಿ ಇರುವುದಿಲ್ಲ, ಇನ್ನು ಕೂದಲು!

ಬಿಸಿಯ ಕಥೆ ಹಳೆಯದು. 1870ರ ದಶಕದಲ್ಲಿ ಪ್ಯಾರಿಸ್ಸಿನ ಮಾರ್ಸೆಲ್ ಗ್ರಾತೋ ಕಾಯಿಸಿದ ಇಕ್ಕಳದಲ್ಲಿ ಕೂದಲಿಗೆ ಅಲೆ ಬರಿಸಿ ಹೆಸರಾದ. ಮಜಾ ನೋಡಿ, ಅಲ್ಲಿಯವರಿಗೆ ನೆಟ್ಟಗಿನ ಕೂದಲು ಗುಂಗುರಾಗಬೇಕಿತ್ತು. 1906ರಲ್ಲಿ ಲಂಡನ್ನಿನಲ್ಲಿ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಮನುಷ್ಯ ಕರೆಂಟಿನಲ್ಲಿ ಕಾಯುವ ಸಲಾಕೆಗಳಿಗೆ ಕೂದಲು ಸುತ್ತಿ "ಪರ್ಮನೆಂಟ್ ವೇವ್" ಮಾಡಿ ತೋರಿಸಿದ. ಶುರುವಿನ ಪ್ರಯೋಗಕ್ಕೆ ಅವನು ಬಳಸಿದ್ದು ಗೋಮೂತ್ರ ಅಂತ ಹೇಳುತ್ತಾರೆ :-) ಪ್ರಯೋಗಕ್ಕೆ ತಲೆ ಕೊಟ್ಟವಳು ಹೆಂಡತಿ. ಪಾಪ, ಅವಳ ಕೂದಲು ಸುಟ್ಟಿತ್ತು.

ನೆಟ್ಟಗೆ ಮಾಡುವ ಚರಿತ್ರೆ ಮಾತ್ರ ಅಷ್ಟು ತಮಾಷೆಯದಲ್ಲ. ಅದು ಬೆಳೆದದ್ದು ಅಮೆರಿಕದ ಕಪ್ಪು ಜನರ ನಡುವೆ, ಗುಲಾಮಗಿರಿ ಮುಗಿದ ಮೇಲಿನ ಕಾಲದಲ್ಲಿ. ಕೆಲಸ ಸಿಗಬೇಕು, ಮರ್ಯಾದೆ ಸಿಗಬೇಕು ಅಂದರೆ ಕೂದಲು ಬಿಳಿಯರ ಹಾಗಿರಬೇಕು ಅನ್ನುವ ಒತ್ತಡ ಇತ್ತು. ಕಾದ ಬಾಚಣಿಗೆ ಮನೆ ಮನೆಗೆ ಬಂತು. ಗ್ಯಾರೆಟ್ ಮಾರ್ಗನ್ ಎಂಬ ದರ್ಜಿ ಹೊಲಿಗೆ ಯಂತ್ರದ ಸೂಜಿಗೆ ಹಚ್ಚುವ ದ್ರಾವಣವನ್ನು ಉಣ್ಣೆ ಬಟ್ಟೆಗೆ ಒರೆಸಿದಾಗ ಎಳೆಗಳು ನೆಟ್ಟಗಾದದ್ದನ್ನು ನೋಡಿ, ಪಕ್ಕದ ಮನೆ ನಾಯಿಯ ಮೇಲೆ ಪ್ರಯೋಗ ಮಾಡಿ, ಆಮೇಲೆ 1913ರ ಸುಮಾರಿಗೆ ಅದನ್ನೇ ಕ್ರೀಮ್ ಮಾಡಿ ಮಾರಿದ. 1923ರಲ್ಲಿ ಟ್ರಾಫಿಕ್ ಸಿಗ್ನಲ್ ಒಂದಕ್ಕೆ ಪೇಟೆಂಟ್ ಪಡೆದವನೂ ಇವನೇ.

ಕಾಸ್ಟಿಕ್ ಸೋಡಾದ ಕಾಲವೂ ಇತ್ತು. ಹೌದು, ತೆಂಗಿನೆಣ್ಣೆಗೆ ಹಾಕಿ ಸಾಬೂನು ಮಾಡುತ್ತಾರಲ್ಲ, ಅದೇ. ಅದನ್ನು ಮೊಟ್ಟೆ, ಆಲೂಗಡ್ಡೆ ಜೊತೆ ಕಲಸಿ ತಲೆಗೆ ಹಚ್ಚಿಕೊಂಡಾಗ ಬೆಂಕಿ ಬಿದ್ದ ಹಾಗಾಯಿತು ಅನ್ನುವುದನ್ನು ಮಾಲ್ಕಂ ಎಕ್ಸ್ 1965ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಅದು ತಾನು ತನ್ನನ್ನೇ ಕೀಳು ಮಾಡಿಕೊಂಡ ಮೊದಲ ದೊಡ್ಡ ಹೆಜ್ಜೆ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ. ಓದುವಾಗ ನನಗೆ ಹಾಸ್ಟೆಲಿನ ಮೇಜು ನೆನಪಾಯಿತು.

ಯಾಕೆಂದರೆ ಸಿದ್ದಿಗಳು ಇಲ್ಲಿಗೆ ಬಂದದ್ದೂ ಅದೇ ಹಾದಿಯಲ್ಲಿ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗೋವಾಕ್ಕೆ ಗುಲಾಮರನ್ನು ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ನಮ್ಮ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದಲ್ಲಿ ತಲೆಮಾರುಗಳಿಂದ ಇದ್ದಾರೆ, ಕೊಂಕಣಿ ಕನ್ನಡ ಎರಡೂ ಆಡುತ್ತಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣವಾದದ್ದು 2020ರಲ್ಲಿ. ಒಂದೇ ಜಿಲ್ಲೆಯವರು ನಾವು. ಆದರೂ ಅವಳನ್ನು "ನೀವು ಯಾವ ದೇಶದವ್ರು?" ಅಂತ ಕುಮಟಾದ ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಿದ್ದರು.

ಸರಿ, ಕೂದಲಿಗೆ ಬರುತ್ತೇನೆ. 1940ರ ದಶಕದ ಹೊತ್ತಿಗೆ ಥಯೋಗ್ಲೈಕೋಲೇಟ್ ಎಂಬ ಔಷಧ ಬಂತು. ಅದು ಗಂಧಕದ ಕಟ್ಟನ್ನೇ ಬಿಚ್ಚುತ್ತದೆ; ಬೇಕಾದ ಆಕಾರ ಕೊಟ್ಟು, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಮತ್ತೆ ಕಟ್ಟು ಬೀಳಿಸಬಹುದು. ಕೊಳೆತ ಮೊಟ್ಟೆಯ ನಾತ ಬರುವುದು ಇದರಿಂದಲೇ. ಕೂದಲು ತೆಗೆಯುವ ಕ್ರೀಮಿನಲ್ಲಿರುವುದೂ ಇದೇ ಕುಟುಂಬದ ವಸ್ತು. ಹೊತ್ತು ಮೀರಿದರೆ ಏನಾಗುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದಲ್ಲ. ಈ ಔಷಧ ಹಚ್ಚಿ, ಚಪ್ಪಟೆ ಕಬ್ಬಿಣ ಎಳೆದು, ಪೆರಾಕ್ಸೈಡ್ ಹಾಕುವುದೇ 1990ರ ದಶಕದಲ್ಲಿ ಜಪಾನಿನಿಂದ ಬಂದ ಪದ್ಧತಿ. ನಮ್ಮ ಪಾರ್ಲರುಗಳಲ್ಲಿ ರಿಬಾಂಡಿಂಗ್ ಅನ್ನುವುದು ಅದನ್ನೇ. ಇದು ಮಳೆಗೆ ಹೆದರುವುದಿಲ್ಲ. ಆದರೆ ಬುಡದಲ್ಲಿ ಹುಟ್ಟುವ ಹೊಸ ಕೂದಲು ಗುಂಗುರೇ. ಆರು ತಿಂಗಳಲ್ಲಿ ಮೇಲೆ ಸುರುಳಿ, ಕೆಳಗೆ ಪೊರಕೆ ಕಡ್ಡಿ.

ಬಿಸಿ ಕಬ್ಬಿಣವನ್ನು ನಾನು ಮೊದಲು ನೋಡಿದ್ದು ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಲ್ಲಿ. ಗಲ್ಫಿನಲ್ಲಿ ದುಡಿಯುವವರ ಊರು ಅದು. ಸೆಂಟು, ಟಾರ್ಚು, ಹಾಲಿನ ಪುಡಿ ಜೊತೆ ಅದೂ ಇತ್ತು. ತಂದದ್ದಾಯಿತು, ಆದರೆ ನಮ್ಮನೆಯಲ್ಲಿ ಸಂಜೆ ಕರೆಂಟ್ ಇರಬೇಕಲ್ಲ! ಶರಾವತಿ ಸಮುದ್ರ ಸೇರುವ ಊರಿನಲ್ಲಿ ಕೂತು ಶರಾವತಿಯ ಕರೆಂಟಿಗೆ ಕಾಯುವುದು ಹೊನ್ನಾವರದವರ ಹಣೆಬರಹ.

ಈಗ ಅಣ್ಣನ ಮಗಳು ಕೇಳಿದ "ಕೆರಾಟಿನ್". ಹೆಸರು ಚೆಂದ, ಕೂದಲಿಗೆ ಆಹಾರ ಕೊಟ್ಟ ಹಾಗೆ. ಬ್ರೆಜಿಲಿನಿಂದ 2000ದ ನಂತರದ ವರ್ಷಗಳಲ್ಲಿ ಹರಡಿದ್ದು. ಇದರ ಹಲವು ದ್ರಾವಣಗಳಲ್ಲಿ ಕೆಲಸ ಮಾಡುವುದು ಫಾರ್ಮಾಲ್ಡಿಹೈಡ್. ನೀರಿನಲ್ಲಿ ಬೆರೆತಾಗ ಅದು ಮೆಥಿಲಿನ್ ಗ್ಲೈಕಾಲ್ ಅನ್ನುವ ಸಭ್ಯ ಹೆಸರು ಹೊತ್ತು ಬಾಟಲಿ ಮೇಲೆ ಕೂರುತ್ತದೆ. 200 ಡಿಗ್ರಿಗೂ ಹೆಚ್ಚು ಕಾದ ಕಬ್ಬಿಣ ಎಳೆದಾಗ ಅನಿಲವಾಗಿ ಹೊರಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು 2004ರಲ್ಲೇ ಹೇಳಿತ್ತು. ಅಮೆರಿಕದ ಓರೆಗಾನ್ ರಾಜ್ಯದವರು 2010ರಲ್ಲಿ ಪರೀಕ್ಷೆ ಮಾಡಿದಾಗ "ಫಾರ್ಮಾಲ್ಡಿಹೈಡ್ ಇಲ್ಲ" ಅಂತ ಬರೆದ ಬಾಟಲಿಗಳಲ್ಲೇ ಸರಾಸರಿ ಶೇಕಡ 8ಕ್ಕೂ ಮೇಲೆ ಸಿಕ್ಕಿತು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2018ರಲ್ಲಿ ಮೀನಿಗೆ ಫಾರ್ಮಾಲಿನ್ ಹಾಕುತ್ತಾರೆ ಅಂತ ಗೋವಾ ಸರ್ಕಾರ ಹೊರಗಿನ ಮೀನು ತಡೆದದ್ದು, ಕಾರವಾರದ ಕಡೆ ಗಲಾಟೆ ಆದದ್ದು ನೆನಪಿದೆಯಲ್ಲ? ಆಗ ಬಂಗಡೆಯನ್ನು ಮೂಸಿ ಮೂಸಿ ನೋಡಿದ ನಾವೇ ಈಗ ಅದನ್ನು ದುಡ್ಡು ಕೊಟ್ಟು ತಲೆಗೆ ಹಚ್ಚಿಸಿಕೊಳ್ಳುತ್ತೇವೆ.

ಅದು ಬೇಡ ಅಂತ ಬಂದದ್ದು ಗ್ಲೈಆಕ್ಸಿಲಿಕ್ ಆಸಿಡ್. 2024ರಲ್ಲಿ ಫ್ರಾನ್ಸಿನ ವೈದ್ಯರು ಒಂದು ಪ್ರಕರಣ ಪ್ರಕಟಿಸಿದರು: 26 ವರ್ಷದ ಹೆಣ್ಣುಮಗಳು, ಮೂರು ಸಲ ಕೂದಲು ನೆಟ್ಟಗೆ ಮಾಡಿಸಿದಾಗ ಮೂರು ಸಲವೂ ಕಿಡ್ನಿಗೆ ಪೆಟ್ಟು. 2022ರಲ್ಲಿ ಅಮೆರಿಕದಲ್ಲಿ 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನ ಬಂತು. 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಇಂಥ ರಾಸಾಯನಿಕ ಬಳಸದವರಲ್ಲಿ ಶೇಕಡ 1.64, ಪದೇ ಪದೇ ಬಳಸಿದವರಲ್ಲಿ 4.05. ಇದರಿಂದಲೇ ಬರುತ್ತದೆ ಅಂತ ಇಷ್ಟಕ್ಕೇ ಸಾಬೀತಾಗುವುದಿಲ್ಲ. ಆದರೆ ನಾನಂತೂ ಸುಮ್ಮನೆ ತಳ್ಳಿಹಾಕುವುದಿಲ್ಲ.

ಇಷ್ಟೆಲ್ಲ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೌದು ಅತ್ತೆ, ಮೊನ್ನೆ ನೋಡ್ಲಿಕ್ಕೆ ಹೋದಾಗ ಅಲ್ಲಿ ಕಣ್ಣುರಿ. ಏಸಿ ಹಾಕಿ ಬಾಗ್ಲು ಮುಚ್ಚಿರ್ತ್ರು. ಕೆಲ್ಸ ಮಾಡು ಹುಡ್ಗಿ ಕೆಮ್ತಾನೇ ಇತ್ತು. ನಂಗಾದ್ರೆ ಒಂದಿನ, ಅದಕ್ಕೆ ದಿನಾ ಅಲ್ದಾ?" ಅಂದಳು.

ಇದು ನನಗೆ ಹೊಳೆದಿರಲಿಲ್ಲ.

ಬಾಟಲಿ ಹಿಂದೆ ತಿರುಗಿಸಿ ಫೋಟೋ ತೆಗೆದು ಕಳಿಸು ಅಂದಿದ್ದೇನೆ. ಆ ಹುಡುಗಿಗೂ ತೋರಿಸು, ಕಿಟಕಿ ತೆಗೆಯಲು ಹೇಳು ಅಂತಲೂ. ಫೋಟೋ ಇನ್ನೂ ಬಂದಿಲ್ಲ. ಭಟ್ಕಳ ಮಲ್ಲಿಗೆಗೆ ಮಾತ್ರ ಅತ್ತಿಗೆ ಆಗಲೇ ಹೇಳಿಟ್ಟಿದ್ದಾರಂತೆ.