ರೇಸ್ ಸೈಕಲ್ ಚಕ್ರ: ವಾರಂಟಿ ಮತ್ತು ಗ್ರಾಹಕರ ಹಕ್ಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೈಕಲ್ ಪಟುಗಳು ದುಬಾರಿ ಕಾರ್ಬನ್ ಚಕ್ರಗಳನ್ನು ದೂರದ ನಗರಗಳಿಂದಲೋ ಆನ್‌ಲೈನ್ ಮೂಲಕವೋ ತರಿಸಿದಾಗ, ದೋಷ ಕಂಡುಬಂದರೆ ಮಾರಾಟಗಾರರ ಊರಿಗೆ ಅಲೆಯಬೇಕಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ವಯ, ತಾವು ವಾಸಿಸುವ ಬೆಳಗಾವಿ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ 2 ವರ್ಷದೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ.

ವಾರಂಟಿಯು ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಸೀಮಿತ. ಬಿದ್ದು ಒಡೆದ ರಿಮ್ಮಿಗೆ, ಬ್ರೇಕಿನಿಂದಾದ ಸವಕಳಿಗೆ ಅನ್ವಯಿಸದು. ಆದ್ದರಿಂದ ವಾರಂಟಿಯ ಅವಧಿ, ಮರಳಿ ಕಳುಹಿಸುವ ವೆಚ್ಚ ಯಾರದು, ಬಿಡಿ ಸ್ಪೋಕುಗಳು ದೊರೆಯುವವೇ ಎಂಬುದನ್ನು ಖರೀದಿಗೆ ಮುನ್ನವೇ ಲಿಖಿತವಾಗಿ ಪಡೆಯುವುದು ಲೇಸು. ಬಿಲ್ಲು ಹಾಗೂ ದೋಷದ ಛಾಯಾಚಿತ್ರಗಳನ್ನು ಕಾಯ್ದಿರಿಸಿರಬೇಕು.

ಆನ್‌ಲೈನ್ ಸಂಸ್ಥೆಯು ದೂರಿಗೆ 48 ಗಂಟೆಗಳಲ್ಲಿ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.