ಕೋಡಿಯಮಠ: ಮದ್ದಿನ ಸಾಲು, ಅನ್ನದ ಸಾಲು

ಶಿಕಾರಿಪುರ ತಾಲ್ಲೂಕು ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠದ ಕ್ರಿ.ಶ. 1162ರ ಶಾಸನವನ್ನು (ಎಪಿಗ್ರಾಫಿಯಾ ಕರ್ನಾಟಿಕ ಸಂಪುಟ 7, ಶಿಕಾರಿಪುರ 102) ನಾವು ಸಾಮಾನ್ಯವಾಗಿ ವೇದ, ವ್ಯಾಕರಣ ಕಲಿಸುತ್ತಿದ್ದ ವಿದ್ಯಾಕೇಂದ್ರದ ದಾಖಲೆಯಾಗಿ ಓದುತ್ತೇವೆ. ಅದೇ ಶಾಸನ ಮಠವನ್ನು ಅನಾಥ ರೋಗಿಗಳಿಗೆ ಔಷಧೋಪಚಾರದ ಸ್ಥಾನ ಎಂದೂ ವರ್ಣಿಸುತ್ತದೆ.

ಒಂದು ವಿಷಯ ಗಮನಿಸಿ. ಕುರುಡರು, ಕುಂಟರು, ಕಿವುಡರು ಬರೋದು ಔಷಧದ ಮಾತಿನಲ್ಲಲ್ಲ, ಅನ್ನದಾನದ ಮಾತಿನಲ್ಲಿ; ಅದೂ ಕಥೆ ಹೇಳುವವರು, ಹಾಡುವವರ ಜೊತೆಗೆ. ವಾಸಿಯಾಗುವುದಕ್ಕೆ ಮದ್ದು, ವಾಸಿಯಾಗದ್ದಕ್ಕೆ ದಿನದ ಅನ್ನ ಮತ್ತು ನಾಲ್ಕು ಜನರ ಸಂಗಡ: ಇದು ನನ್ನ ಓದು.

ವಿನೋಬನಗರದ ಮನೆಯಲ್ಲಿ ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗ್ತಿರೋ ನನಗೆ ಎರಡನೆಯದೇ ಹತ್ತಿರ. ಮಾತ್ರೆ ಅಂಗಡೀಲಿ ಸಿಗುತ್ತೆ. ಹೊತ್ತಿಗೆ ಸರಿಯಾಗಿ ಬಡಿಸಿ, ಪಕ್ಕದಲ್ಲಿ ಕೂತು ಮಾತಾಡೋರು ಸಿಗಬೇಕಲ್ಲ!