ಡಿಬಗ್ಗರ್ ಎಡಿಟರ್‌ನೊಳಗೆ ಬಂದ ಹಾದಿ

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ತೆಗೆದುಕೊಳ್ಳಿ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಸಿ ಭಾಷೆಯಲ್ಲಿ ಪ್ರತಿ ಊರಿಗೂ ಒಂದು ಸ್ಟ್ರಕ್ಚರ್ ಮಾಡಿ, ಹೆಸರಿಗೆ 20 ಬೈಟ್‌ಗಳ ಅರೇ ಕೊಟ್ಟು, ಅದರ ಬೆನ್ನಿಗೇ ಪಿನ್ ಕೋಡ್ ಇಡಿ. ಮೊದಲು ಪಿನ್ ಕೋಡ್‌ಗಳನ್ನು ತುಂಬಿ, ಆಮೇಲೆ ಹೆಸರುಗಳನ್ನು ಒಂದು ಲೂಪ್‌ನಲ್ಲಿ ಬೈಟ್ ಬೈಟಾಗಿ ನಕಲಿಸಿ. ಕೊನೆಗೆ ಪ್ರಿಂಟ್ ಮಾಡಿ ನೋಡಿದರೆ ಜಗಳೂರಿನ ಪಿನ್ ಕೋಡ್ ಮಾತ್ರ ನೆಟ್ಟಗಿರುತ್ತದೆ, ಉಳಿದ ಮೂರು ಕೆಟ್ಟಿರುತ್ತವೆ.

ಕಾರಣ ನಮ್ಮ ಲಿಪಿಯಲ್ಲೇ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ವ್ಯಂಜನ, ಸ್ವರಚಿಹ್ನೆ, ಹಲಂತಕ್ಕೂ ಮೂರು ಬೈಟ್ ಬೇಕು. ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ ‘ಚನ್ನಗಿರಿ’ 24 ಬೈಟ್ ನುಂಗುತ್ತದೆ. ಮೂರಕ್ಷರದ ‘ಹೊನ್ನಾಳಿ’ಗೂ 24, ‘ನ್ಯಾಮತಿ’ಗೆ 21. ‘ಜಗಳೂರು’ 18ರಲ್ಲೇ ಮುಗಿಯುವುದರಿಂದ ಕೊನೆಯ ಸೊನ್ನೆ ಸೇರಿದರೂ ಅರೇಯೊಳಗೆ ಹಿಡಿಸುತ್ತದೆ. ಚನ್ನಗಿರಿಯ ‘ರ’ಕಾರದ ಎರಡು ಬೈಟ್ ಅರೇಯ ಒಳಗೆ ಉಳಿದರೆ ಮೂರನೆಯದು ಪಿನ್ ಕೋಡ್‌ನ ಮೇಲೆ ಬೀಳುತ್ತದೆ. ಇಂಥ ತಪ್ಪನ್ನು ಹಿಡಿಯುವ ಉಪಕರಣಗಳು ಬೆಳೆದು ಬಂದ ಬಗೆಯನ್ನು ಈ ಪುಟ್ಟ ಪ್ರೋಗ್ರಾಂ ಇಟ್ಟುಕೊಂಡೇ ನೋಡೋಣ.

ಯುನಿಕ್ಸ್‌ನ ಎಡಿಬಿಗೆ ಮುಖ್ಯವಾಗಿ ಗೊತ್ತಿದ್ದದ್ದು ವಿಳಾಸಗಳು ಮತ್ತು ಯಂತ್ರದ ಆದೇಶಗಳು. ಬರ್ಕ್ಲಿಯಲ್ಲಿ ಮಾರ್ಕ್ ಲಿಂಟನ್ ಬರೆದ ಡಿಬಿಎಕ್ಸ್ ಮೂಲ ಪಠ್ಯದ ಸಾಲುಗಳ ಭಾಷೆಯಲ್ಲಿ ಮಾತಾಡಿತು. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಡಿಬಿ ಬರೆದರು. ಇವೆಲ್ಲ ಟರ್ಮಿನಲ್‌ನಲ್ಲಿ ಪ್ರಶ್ನೋತ್ತರ ನಡೆಸುವ ಡಿಬಗ್ಗರ್‌ಗಳು. ಸಾಲಿನ ಸಂಖ್ಯೆಯನ್ನು ಡಿಬಗ್ಗರ್ ಹೇಳಬೇಕು, ನಾವು ಎಡಿಟರ್‌ಗೆ ಹೋಗಿ ಆ ಸಾಲನ್ನು ಹುಡುಕಿಕೊಂಡು ಮರಳಬೇಕು. ಆ ಓಡಾಟದಲ್ಲಿ ಯೋಚನೆಯ ಎಳೆ ಎಷ್ಟು ಸಲ ತುಂಡಾಗುತ್ತದೆಂಬುದು ಮಾಡಿದವರಿಗೇ ಗೊತ್ತು.

ಮೊದಲ ಸೇತುವೆ ಈಮ್ಯಾಕ್ಸ್‌ನಲ್ಲಿ ಬಂತು, ಬಹಳ ಸರಳವಾಗಿಯೇ ಬಂತು. ‘ಫುಲ್‌ನೇಮ್’ ಎಂಬ ಆಯ್ಕೆಯೊಂದಿಗೆ ಜಿಡಿಬಿ ಶುರುಮಾಡಿದರೆ, ಪ್ರೋಗ್ರಾಂ ನಿಂತಾಗಲೆಲ್ಲ ಅದು ಎರಡು ಕಂಟ್ರೋಲ್-ಜೆಡ್ ಗುರುತುಗಳನ್ನೂ ಅವುಗಳ ಹಿಂದೆ ಕಡತದ ಹೆಸರು, ಸಾಲಿನ ಸಂಖ್ಯೆಗಳನ್ನೂ ಉಗುಳುತ್ತದೆ. ಈಮ್ಯಾಕ್ಸ್ ಆ ಗುರುತನ್ನು ಕಂಡೊಡನೆ ಅದನ್ನು ನಮ್ಮ ಕಣ್ಣಿಂದ ಮರೆಮಾಡಿ, ಪಕ್ಕದ ಕಿಟಕಿಯಲ್ಲಿ ಕಡತ ತೆರೆದು, ಸರಿಯಾದ ಸಾಲಿನ ಪಕ್ಕಕ್ಕೆ ಬಾಣ ಇಡುತ್ತದೆ. ಎರಡು ಬೇರೆ ಬೇರೆ ಪ್ರೋಗ್ರಾಂಗಳು ಒಂದೇ ಸಾಲಿನ ಎದುರು ಹೀಗೆ ಜೊತೆಯಾಗಿ ನಿಂತವು. 1990ರ ದಶಕದ ಆರಂಭದಲ್ಲಿ ಎರಿಕ್ ರೇಮಂಡ್ ಇದನ್ನೇ ಹಿಗ್ಗಿಸಿ ‘ಗಡ್’ ಎಂಬ ಭಾಗ ಬರೆದರು. ಡಿಬಿಎಕ್ಸ್, ಎಸ್‌ಡಿಬಿ, ಪರ್ಲ್‌ನ ಡಿಬಗ್ಗರ್‌ಗಳೂ ಅದರೊಳಗೆ ಬಂದವು.

ಕರ್ನಾಟಕದಲ್ಲಿ ಈ ಕಥೆಯ ಕ್ರಮವೇ ತಿರುಗುಮುರುಗು. ನಮ್ಮ ಎಷ್ಟೋ ವಿದ್ಯಾರ್ಥಿಗಳು ಸಿ ಕಲಿತದ್ದು ಬೋರ್ಲೆಂಡ್‌ನ ಟರ್ಬೋ ಸಿ ನೀಲಿ ಪರದೆಯಲ್ಲಿ. ಅದರ ಎರಡನೇ ಆವೃತ್ತಿಯಿಂದಲೇ ಡಿಬಗ್ಗರ್ ಎಡಿಟರ್‌ನೊಳಗೆ ಇತ್ತು: ಎಫ್7 ಒತ್ತಿದರೆ ಒಂದು ಹೆಜ್ಜೆ, ಎಫ್8 ಒತ್ತಿದರೆ ಫಂಕ್ಷನ್ ದಾಟಿ ಮುಂದಿನ ಸಾಲು. ಮುಂದೆ ಲ್ಯಾಬ್‌ಗಳಿಗೆ ಲಿನಕ್ಸ್, ಜಿಸಿಸಿ ಬಂದವು. ಒಳ್ಳೆಯ ಬದಲಾವಣೆಯೇ. ಆದರೆ ಎಫ್7 ಕೈಬಿಟ್ಟಿತು, ಅದರ ಜಾಗಕ್ಕೆ ಏನು ಬರಬೇಕೆಂದು ಹೇಳಿಕೊಟ್ಟವರು ಕಡಿಮೆ. ಎಡಿಟರ್ ಒಂದು ಕಡೆ, ಟರ್ಮಿನಲ್ ಇನ್ನೊಂದು ಕಡೆಯಾಯಿತು. ಹುಡುಗರು ಹತ್ತು ಸಾಲಿಗೊಂದು ಪ್ರಿಂಟ್‌ಎಫ್ ಹಾಕಿ ತಪ್ಪು ಹುಡುಕುವ ಅಭ್ಯಾಸಕ್ಕೆ ಬಿದ್ದರು. ಇದು ನನಗೆ ಇಂದಿಗೂ ನೋವಿನ ವಿಷಯ, ಏಕೆಂದರೆ ಅವರು ಕಳೆದುಕೊಂಡ ಸೌಲಭ್ಯ ಅದೇ ಯಂತ್ರದಲ್ಲಿ, ಒಂದು ಆದೇಶದಷ್ಟು ದೂರದಲ್ಲಿತ್ತು.

ಆ ಹೊತ್ತಿಗೆ ಜಿಡಿಬಿಯೂ ಬದಲಾಗಿತ್ತು. ಮನುಷ್ಯರಿಗೆಂದು ಬರೆದ ಉತ್ತರದಲ್ಲಿ ಎಡಿಟರ್ ಅರ್ಥ ಹೆಕ್ಕುವುದು ಅಪಾಯದ ಕೆಲಸ. ಒಂದು ಪದ ಬದಲಾದರೂ ಸೇತುವೆ ಕುಸಿಯುತ್ತದೆ. ಅದಕ್ಕಾಗಿ ಯಂತ್ರಗಳು ಓದಲೆಂದೇ ಎಂಐ ಎಂಬ ಭಾಷೆ ರೂಪುಗೊಂಡಿತು. ಈಮ್ಯಾಕ್ಸ್ ಅದನ್ನು ಬಳಸಿ ಸ್ಟ್ಯಾಕ್, ಸ್ಥಳೀಯ ವೇರಿಯೇಬಲ್, ಬ್ರೇಕ್‌ಪಾಯಿಂಟ್‌ಗಳಿಗೆ ಬೇರೆ ಬೇರೆ ಕಿಟಕಿ ಕೊಟ್ಟಿತು. ವಿಮ್ ಬಳಸುವವರು ಮಾತ್ರ ಬಹುಕಾಲ ಹೊರಗಿನ ತೇಪೆಗಳಲ್ಲೇ ಸಾಗಿಸಿದರು. 2018ರ ಮೇ ತಿಂಗಳಲ್ಲಿ ಬ್ರಾಮ್ ಮೊಲೆನಾರ್ ಹೊರತಂದ ವಿಮ್ 8.1ರೊಂದಿಗೆ ‘ಟರ್ಮ್‌ಡಿಬಗ್’ ಬಂತು. ಒಂದೇ ಜಿಡಿಬಿ ನಮ್ಮೊಂದಿಗೆ ಟರ್ಮಿನಲ್‌ನಲ್ಲೂ ಎಡಿಟರ್‌ನೊಂದಿಗೆ ಎಂಐನಲ್ಲೂ ಏಕಕಾಲಕ್ಕೆ ಮಾತಾಡುವ ಅವಕಾಶ ಜಿಡಿಬಿ 7.12ರಲ್ಲಿ ಬಂದಿದ್ದರಿಂದಲೇ ಅದು ಸಾಧ್ಯವಾಯಿತು. ಹಳೆಯ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗೆ ನಾನು ಮೊದಲು ಹೇಳುವುದು ಇದನ್ನೇ. ಹೊಸದೇನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ, ಜಿಡಿಬಿಯ ಆದೇಶಗಳೂ ಮರೆತುಹೋಗುವುದಿಲ್ಲ.

ಮೈಕ್ರೋಸಾಫ್ಟ್ ವಿಎಸ್ ಕೋಡ್‌ಗಾಗಿ ರೂಪಿಸಿದ ಡಿಎಪಿ ಎಂಬ ಒಡಂಬಡಿಕೆ ಇನ್ನೊಂದು ತಿರುವು. ಹತ್ತು ಎಡಿಟರ್, ಹತ್ತು ಡಿಬಗ್ಗರ್ ಇದ್ದರೆ ನೂರು ಸೇತುವೆ ಬೇಕಾಗುತ್ತಿತ್ತು. ಎಲ್ಲರೂ ಒಂದೇ ಒಡಂಬಡಿಕೆಯಲ್ಲಿ ಮಾತಾಡಿದರೆ ಇಪ್ಪತ್ತು ಸಾಕು. ವಿಮ್‌ಸ್ಪೆಕ್ಟರ್, ಎನ್‌ವಿಮ್-ಡ್ಯಾಪ್‌ಗಳು ಇದೇ ದಾರಿ ಹಿಡಿದವು. 2023ರ ಡಿಸೆಂಬರ್‌ನಲ್ಲಿ ಬಂದ ಜಿಡಿಬಿ 14 ಸ್ವತಃ ಡಿಎಪಿ ಕಲಿತಿತು.

ನಮ್ಮ ಪ್ರೋಗ್ರಾಂಗೆ ಮರಳೋಣ. ಟರ್ಮ್‌ಡಿಬಗ್ ತೆರೆದು ಚನ್ನಗಿರಿಯ ಪಿನ್ ಕೋಡ್ ಮೇಲೆ ‘ವಾಚ್’ ಇಡಿ. ಹೆಸರಿನ 21ನೇ ಬೈಟ್ ಬಿದ್ದ ಕೂಡಲೇ ಪ್ರೋಗ್ರಾಂ ನಿಲ್ಲುತ್ತದೆ, ನಕಲಿಸುವ ಲೂಪ್‌ನ ಸಾಲು ಎಡಿಟರ್‌ನಲ್ಲಿ ಬೆಳಗುತ್ತದೆ. ಈಗ ಅರೇಯನ್ನು ಪ್ರಿಂಟ್ ಮಾಡಿಸಿದರೆ ಜಿಡಿಬಿ ‘ಚನ್ನಗಿ’ ಎಂದು ತೋರಿಸಿ, ಮುಂದೆ \340\262 ಒಂದು ಅಪೂರ್ಣ ಸರಣಿ ಎಂದು ಬರೆಯುತ್ತದೆ. ಒಡೆದುಹೋದ ‘ರ’ಕಾರದ ಮೊದಲೆರಡು ಬೈಟ್‌ಗಳೇ ಅವು. ಅರೇಯನ್ನು 25 ಬೈಟ್‌ಗೆ ಹಿಗ್ಗಿಸಿದರೆ ನಾಲ್ಕೂ ಹೆಸರು ಹಿಡಿಸುತ್ತವೆ. ನಕಲಿಸುವ ಮುನ್ನ ಉದ್ದ ಅಳೆಯುವುದು ಇನ್ನೂ ಸರಿಯಾದ ಪರಿಹಾರ.

ಒಂದು ಕೊರತೆ ಇನ್ನೂ ನೀಗಿಲ್ಲ. ಟರ್ಮಿನಲ್‌ಗಳು ಅಕ್ಷರಗಳನ್ನು ಸಮ ಅಗಲದ ಚೌಕಗಳಲ್ಲಿ ಕೂರಿಸುವುದರಿಂದ ‘ನ್ಯಾ’ದಂಥ ಒತ್ತಕ್ಷರ ಅನೇಕ ಕಡೆ ಚದುರುತ್ತದೆ, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ನಿಲ್ಲುತ್ತವೆ. 2020ರಲ್ಲಿ ಬಂದ ಈಮ್ಯಾಕ್ಸ್ 27 ತನ್ನ ಚಿತ್ರಾತ್ಮಕ ಕಿಟಕಿಯಲ್ಲಿ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಬಳಸುತ್ತದೆ. ಸದ್ಯ ನ್ಯಾಮತಿಯ ಹೆಸರನ್ನು ಮೂಲ ಪಠ್ಯದಲ್ಲೂ ಡಿಬಗ್ಗರ್‌ನ ಉತ್ತರದಲ್ಲೂ ಒಂದೇ ರೂಪದಲ್ಲಿ ಓದಬೇಕೆಂದರೆ ನಾನು ಅದನ್ನೇ ತೆರೆಯುತ್ತೇನೆ.